ವಿಗ್ರಹಾರಾಧನೆಯ ಒಂದು ತಾಮ್ರಪಟಚಿತ್ರವೂ ಶರಣರ ದೃಷ್ಟಿಯೂ

ಕ್ರಿ. ಶ. 1723ರಿಂದ ಮೊದಲ್ಗೊಂಡು ಹಾಲೆಂಡ್ ದೇಶದ ಆಮ್‌ಸ್ಟರ್‌ಡ್ಯಾಮ್ ಪಟ್ಟಣದಲ್ಲಿ ಝಾನ್ ಫ್ರೆಡೆರಿಕ್ ಬರ್ನಾರ್ ಎಂಬ ಪ್ರಕಾಶಕನು, ಜಗತ್ತಿನ ಸಕಲ ಜನಾಂಗಗಳ ಮತಾಚಾರಗಳನ್ನು ವರ್ಣಿಸುವ ಬೃಹದ್ಗ್ರಂಥವೊಂದನ್ನು ಸಂಪುಟ ಸಂಪುಟವಾಗಿ ಹೊರಡಿಸಿದನು. ಅದಕ್ಕೆ ಚಿತ್ರಗಳನ್ನು ಕೊರೆದವನು ಬರ್ನಾರ್ ಪಿಕಾರ್ (1673–1733). ಹಿಂದುಸ್ಥಾನವೇ ಮೊದಲಾದ ಹಲವು ದೇಶದವರನ್ನು ಇದರಲ್ಲಿ ‘ವಿಗ್ರಹಾರಾಧಕ ಜನಾಂಗಗಳು’ ಎಂಬ ಒಂದೇ ತಲೆಬರಹದ ಕೆಳಗೆ ಕೂಡಿಹಾಕಿರುವರು.

ಆ ಸಂಪುಟಗಳ ಪ್ರಸಿದ್ಧ ಚಿತ್ರವೊಂದರಲ್ಲಿ ವಿಶಾಲವಾದ ಆಲದ ಮರವೂ, ಅದರಡಿಯಲ್ಲಿ ಗುಡಿಗಳೂ, ಸುತ್ತಲೂ ಕೈಗಳನ್ನು ಮೇಲೆತ್ತಿ ನಿಂತ, ಹಗ್ಗಕ್ಕೆ ಜೋತುಬಿದ್ದ ಬೈರಾಗಿಗಳೂ ಇರುವರು. ಪಿಕಾರನು ಯುರೋಪನ್ನು ಬಿಟ್ಟು ಹೊರಟವನಲ್ಲ. ವಜ್ರದ ವ್ಯಾಪಾರಕ್ಕಾಗಿ ಗೋಲಕೊಂಡೆಯವರೆಗೂ ಬಂದಿದ್ದ ತಾವರ್ನಿಯೇ ಎಂಬ ಫ್ರೆಂಚನ ಪ್ರವಾಸಗ್ರಂಥವೇ (1676) ಇದಕ್ಕೆ ಆಧಾರವು. ಗೋಲಕೊಂಡೆಯಾದರೋ ಕಡೇಚೂರು ಪ್ರಾಂತಕ್ಕೆ ಬಹುದೂರವಲ್ಲ. ಆದರೆ ಆ ಆಲದ ಮರವು ಸೂರತ್ತಿನ ಕಡೆಯದು. ಬೇರೆ ಬೇರೆ ಕಾಲಗಳಲ್ಲಿ ಬೇರೆ ಬೇರೆಯವರು ಆಚರಿಸುವ ಕಠಿಣವ್ರತಗಳನ್ನೆಲ್ಲ ಒಂದೇ ನೆರಳಿನಲ್ಲಿ, ಒಂದೇ ಗಳಿಗೆಯಲ್ಲಿ, ನಾಟಕದ ರಂಗದಂತೆ ತೋರಿಸುವುದು ಬರೋಕ್ ಕಾಲದ ಕಲೆಯ ರೀತಿಯು. ನೋಡುವವನು ಬೆರಗಾಗಬೇಕು, ವಿಚಾರವು ಆಮೇಲಿನ ಮಾತು!

ಹಾಗಾದರೆ ಇದು ಹಿಂದೂ ದೇಶದ ನಿಂದೆಯೇ? ಅಷ್ಟು ಸರಳವಾಗಿ ಹೇಳಲಾಗದು. ಪಿಕಾರನು ಕ್ಯಾಥೊಲಿಕರ ಮನೆಯಲ್ಲಿ ಹುಟ್ಟಿ ಪ್ರಾಟೆಸ್ಟಂಟ್ ಮತವನ್ನು ಸೇರಿ, 1710ರಲ್ಲಿ ಪ್ಯಾರಿಸನ್ನು ತೊರೆದು ಹಾಲೆಂಡಿಗೆ ಬಂದವನು. ಪ್ರಾಟೆಸ್ಟಂಟರು ವಿಗ್ರಹಾರಾಧನೆಯೆಂಬ ಆಕ್ಷೇಪವನ್ನು ಮೊದಲು ಹೊರಿಸಿದ್ದು ರೋಮಿನ ಚರ್ಚಿನ ಮೇಲೆಯೇ. ಪೋಪನ ಉತ್ಸವಗಳ ಚಿತ್ರಗಳೂ ಅದೇ ಗ್ರಂಥದಲ್ಲಿರುವುದರಿಂದ, ಓದುಗನು ಎರಡನ್ನೂ ಹೋಲಿಸಿ ನೋಡಲೆಂಬ ಇಂಗಿತವು ಅಲ್ಲಿದ್ದಂತೆ ತೋರುತ್ತದೆ. ಬಾಣದ ಗುರಿಯು ರೋಮು. ಆಲದ ಮರವು ಮರೆ ಮಾತ್ರ.

ಸ್ಥಾವರಪೂಜೆಯನ್ನೂ ಬಹುದೈವಾರಾಧನೆಯನ್ನೂ ಕನ್ನಡ ನಾಡಿನಲ್ಲಿ ಬಸವಾದಿ ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಖಂಡಿಸಿದ್ದರೆಂಬುದನ್ನು ಭಕ್ತವೃಂದವು ಬಲ್ಲದು. ಆದುದರಿಂದ ಈ ಚಿತ್ರವನ್ನು ಕಂಡು ಕೆಲವರು ಸಂತೋಷಪಟ್ಟಾರು. ಅದು ಯುಕ್ತವಲ್ಲ. ಶರಣರು ಖಂಡಿಸಿದುದು ತಮ್ಮವರೊಡನೆ ಬಾಳುತ್ತ, ತಮ್ಮವರ ನುಡಿಯಲ್ಲಿಯೇ. ಖಂಡಿಸಿ ಸುಮ್ಮನಾಗದೆ ಇಷ್ಟಲಿಂಗವನ್ನು ಅಂಗದ ಮೇಲಿತ್ತರು. ಕರಡಿಗೆಯೊಳಗೆ ಎದೆಯ ಮೇಲಿದ್ದು, ಪೂಜಾಕಾಲದಲ್ಲಿ ಎಡದಂಗೈಗೆ ಬರುವ ಲಿಂಗವು ಪ್ರತಿಮೆಯಲ್ಲ, ಅರಿವಿನ ಕುರುಹು. ದೂರದಿಂದ ನೋಡಿ ಗೆರೆಯೆಳೆಯುವವನಿಗೆ ಅಲ್ಲಿ ಕಾಣುವುದಾದರೂ ಏನು? ಬಾಗಿದ ಒಂದು ತಲೆ, ಅಷ್ಟೆ. ಕಣ್ಣಿಗೆ ಬಿದ್ದುದನ್ನೇ ಮತವೆಂದು ಬಗೆದ ಆ ಕಲೆಗೆ ಇಂತಹ ಪೂಜೆಯು ನಿಲುಕುವಂತಹುದಲ್ಲ.

ಕಣ್ಣಾರೆ ಕಂಡು ಬರೆದವರೂ ಇಲ್ಲದಿಲ್ಲ. ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲ್ಲೆಯು 1623ರಲ್ಲಿ ಇಕ್ಕೇರಿಗೆ ಬಂದು, ಕೆಳದಿಯ ವೆಂಕಟಪ್ಪನಾಯಕನು ಲಿಂಗವಂತನೆಂದೂ, ಜಂಗಮರಿಗೆ ಅಲ್ಲಿ ಗೌರವವುಂಟೆಂದೂ ತನ್ನ ಪತ್ರಗಳಲ್ಲಿ ತಿಳಿಸಿರುವನು. ಅವನೂ ವಿಗ್ರಹಾರಾಧನೆಯನ್ನು ಒಪ್ಪದ ಕ್ರೈಸ್ತನೇ ಸರಿ. ಆದರೂ ಕೇಳಿ ತಿಳಿದು ಬರೆದನು. ಲಿಂಗವಂತ ಅರಸರ ರಾಜಧಾನಿಯಲ್ಲಿಯೇ ಅಘೋರೇಶ್ವರನ ಭವ್ಯ ಸ್ಥಾವರ ದೇವಾಲಯವಿದ್ದಿತೆಂಬುದನ್ನೂ ಅವನು ಮರೆಮಾಚಲಿಲ್ಲ. ಆ ದೇವಾಲಯವು ಸಾಗರದ ಸಮೀಪದಲ್ಲಿ ಈಗಲೂ ನಿಂತಿರುವುದರಿಂದ ಅವನ ಬರಹವನ್ನು ಕಲ್ಲಿನೊಡನೆ ಒಪ್ಪಿಟ್ಟು ನೋಡಬಹುದು. ಪಿಕಾರನ ಆಲದ ಮರಕ್ಕೆ ಆ ಸೌಕರ್ಯವಿಲ್ಲ.