ಬೆನ್ನಿಗೆ ನಿಂತ ದೂತ

ರೋಮ್ ನಗರದ ನೆಲದಡಿ, ಪ್ರಿಸಿಲ್ಲಾ ಸಮಾಧಿ ಸುರಂಗಗಳಲ್ಲಿ ಒಂದು ಮಾಸಿದ ಭಿತ್ತಿಚಿತ್ರವಿದೆ. ಕುಳಿತ ಹೆಂಗಸು, ಅವಳೆದುರು ಕೈ ಚಾಚಿ ನಿಂತ ಗಂಡಸು. ದೇವದೂತ ಮೇರಿಗೆ ಸುದ್ದಿ ತಂದ ಪ್ರಸಂಗವಿದು ಎಂಬುದು ಬಹುಕಾಲದ ಓದು. ದೂತ ರೋಮನ್ನರ ಉಡುಪು ತೊಟ್ಟಿದ್ದಾನೆ; ರೆಕ್ಕೆಗಳಿಲ್ಲ. ಇಂದು ಹಚ್ಚೆಯಾಗಿ ಬೆನ್ನ ತುಂಬ ಹರಡುವ ಕಾವಲು ದೂತನ ರೆಕ್ಕೆ ತೆಗೆದರೆ ಅವನು ಯಾರೆಂದೇ ತಿಳಿಯದು.

ರೆಕ್ಕೆ ಬಂದದ್ದು 4ನೇ ಶತಮಾನದ ಕೊನೆಯ ಹೊತ್ತಿಗೆ. ಇಸ್ತಾಂಬುಲ್‌ನ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ ಆ ಕಾಲದ ಒಂದು ಪುಟ್ಟ ಕಲ್ಲಿನ ಶವಪೆಟ್ಟಿಗೆಯಿದೆ. ರಾಜಮನೆತನದ ಮಗುವಿನದು ಎನ್ನುತ್ತಾರೆ. ಅದರ ಪಕ್ಕಗಳಲ್ಲಿ ಹಾರುವ ದೂತರನ್ನು ಕಡೆದಿದ್ದಾರೆ. ಮಾದರಿ ಹಳೆಯದೇ: ಗ್ರೀಕರ ವಿಜಯದೇವತೆ ನೀಕೆ. ಗೆದ್ದವರಿಗೆ ಮಾಲೆ ತರುತ್ತಿದ್ದವಳ ರೆಕ್ಕೆ ಸತ್ತ ಕೂಸನ್ನು ಕಾಯುವವರ ಪಾಲಾಯಿತು.

ಕಾವಲು ದೂತನಿಗೆಂದೇ ಹಬ್ಬ ಬಂದದ್ದು ಬಹಳ ತಡವಾಗಿ. 1608ರಲ್ಲಿ ಪೋಪ್ 5ನೇ ಪೌಲ್ ಅದಕ್ಕೆ ಒಪ್ಪಿಗೆ ಕೊಟ್ಟರು; 1670ರಲ್ಲಿ 10ನೇ ಕ್ಲೆಮೆಂಟ್ ಅಕ್ಟೋಬರ್ 2ನ್ನು ಗೊತ್ತುಮಾಡಿದರು. ಈ ನಡುವೆ, 1615ರಲ್ಲಿ, ಇಟಲಿಯ ಡೊಮೆನಿಕಿನೊ ಬರೆದ ಚಿತ್ರದಲ್ಲಿ ದೂತ ಗುರಾಣಿ ಹಿಡಿದು ಮಗುವನ್ನು ಸೈತಾನನಿಂದ ಕಾಯುತ್ತಾನೆ. 19ನೇ ಶತಮಾನದ ಅಗ್ಗದ ಬಣ್ಣದ ಮುದ್ರಣ ಸೈತಾನನನ್ನು ಬಿಟ್ಟು ಮುರುಕು ಸೇತುವೆಯನ್ನು ತಂದಿತು. ದಾಟುತ್ತಿರುವ ಎರಡು ಮಕ್ಕಳು, ಹಿಂದೆ ಬಿಳಿಯುಡುಪಿನ ದೂತ. ಈ ಪಟ ಯುರೋಪಿನ ಮನೆಮನೆಯ ಗೋಡೆ ಏರಿತು.

ಗೋಡೆಯಿಂದ ಚರ್ಮಕ್ಕೆ ಇಳಿಯಲು ಸೂಜಿಯೂ ಬದಲಾಗಬೇಕಿತ್ತು. 1891ರಲ್ಲಿ ನ್ಯೂಯಾರ್ಕ್‌ನ ಸ್ಯಾಮ್ಯುಯೆಲ್ ಓ'ರೈಲಿ ವಿದ್ಯುತ್ ಹಚ್ಚೆ ಯಂತ್ರಕ್ಕೆ ಪೇಟೆಂಟ್ ಪಡೆದ. ಎಡಿಸನ್ನನ ವಿದ್ಯುತ್ ಲೇಖನಿಯೇ ಅದಕ್ಕೆ ಮೂಲ. ಆದರೂ ದಪ್ಪ ಗೆರೆ, ಗಾಢ ಬಣ್ಣಗಳ ಆ ಶೈಲಿಗೆ ಗರಿಯ ನವಿರು ಒಲಿಯಲಿಲ್ಲ. ಅದು ಒಲಿದದ್ದು ಕ್ಯಾಲಿಫೋರ್ನಿಯಾದ ಜೈಲುಗಳಲ್ಲಿ. ಮೆಕ್ಸಿಕನ್ ಮೂಲದ ಕೈದಿಗಳು ಟೇಪ್ ರೆಕಾರ್ಡರಿನ ಮೋಟಾರಿಗೆ ಗಿಟಾರ್ ತಂತಿ ಜೋಡಿಸಿ, ಒಂದೇ ಸೂಜಿಯಲ್ಲಿ ಕಪ್ಪು-ಬೂದಿಯ ನೆರಳು ಮೂಡಿಸಿದರು. 1975ರಲ್ಲಿ ಪೂರ್ವ ಲಾಸ್ ಏಂಜಲೀಸ್‌ನಲ್ಲಿ ತೆರೆದ 'ಗುಡ್ ಟೈಮ್ ಚಾರ್ಲೀಸ್' ಅಂಗಡಿ ಆ ಕೈಚಳಕವನ್ನು ಬೀದಿಗೆ ತಂದಿತು. ಮುಗಿದ ಕೈಗಳು, ಗ್ವಾಡಲೂಪೆ ಮಾತೆ, ತಲೆ ಬಾಗಿಸಿದ ದೂತ, ಕೆಳಗೆ ಸತ್ತವರ ಹೆಸರು ಮತ್ತು ಇಸವಿ: ಇವೇ ಆ ಶೈಲಿಯ ಬಳಕೆಯ ರೂಪಗಳಾದವು.

ವಿನ್ಯಾಸದ ಅರ್ಥ ಕವಲೊಡೆಯುವುದೂ ಇಲ್ಲೇ. ಕತ್ತಿ ಹಿಡಿದವನು ಮೈಕೇಲ. ಸೈನಿಕರೂ ಪೊಲೀಸರೂ ಕಾವಲಿಗೆಂದು ಹಾಕಿಸಿಕೊಳ್ಳುವುದು ಅವನನ್ನು. ಭುಜದ ಮೂಳೆಗಳ ಮೇಲೆ ಬರಿಯ ರೆಕ್ಕೆಗಳಿದ್ದರೆ ಹೊತ್ತವರೇ ದೂತರಾಗುತ್ತಾರೆ. ಮಡಿಸಿದ ರೆಕ್ಕೆಯೊಳಗೆ ಕೂಸು ಮಲಗಿದ್ದರೆ ಅದು ಸಾಮಾನ್ಯವಾಗಿ ಕಳೆದುಕೊಂಡ ಮಗುವಿನ ನೆನಪು.

ಶಾಸ್ತ್ರ ಇದನ್ನು ಒಪ್ಪುವುದಿಲ್ಲ. ದೂತರು ಬೇರೆಯದೇ ಸೃಷ್ಟಿ, ಸತ್ತ ಮನುಷ್ಯ ದೂತನಾಗುವುದಿಲ್ಲ ಎನ್ನುತ್ತದೆ ಚರ್ಚಿನ ಬೋಧನೆ. ಯಾಜಕಕಾಂಡದ 19ನೇ ಅಧ್ಯಾಯದಲ್ಲಂತೂ ಸತ್ತವರಿಗಾಗಿ ಮೈ ಕೊಯ್ದುಕೊಳ್ಳುವುದಕ್ಕೂ ಮೈಮೇಲೆ ಗುರುತು ಹಾಕಿಸಿಕೊಳ್ಳುವುದಕ್ಕೂ ಒಂದೇ ವಚನದಲ್ಲಿ ನಿಷೇಧವಿದೆ. ಹಾಗಿದ್ದೂ ಮಗುವನ್ನು ಕಳೆದುಕೊಂಡ ತಾಯಿ ಅದರ ಹೆಸರಿಗೆ ರೆಕ್ಕೆ ಬರೆಸುತ್ತಾಳೆ. ಇನ್ನು ಕಾಯುವವನು ದೂತನಲ್ಲ, ಅವಳು: ತನ್ನ ಮೈ ಇರುವಷ್ಟು ದಿನ ಆ ಹೆಸರನ್ನು ಅಳಿಯಗೊಡದೆ. ಇಸ್ತಾಂಬುಲ್‌ನ ಆ ಪುಟ್ಟ ಪೆಟ್ಟಿಗೆಯನ್ನು ಮಾಡಿಸಿದವರು ಕಲ್ಲಿಗೆ ವಹಿಸಿದ್ದೂ ಇದೇ ಕೆಲಸವನ್ನು.