ಬಗಲ ಕೂಸು, ತಲೆಯ ಗಂಟು: ಸುರಪುರ ಸೀಮೆಯ ಗುಳೆಯ ವೃತ್ತಾಂತ

ಕೃಷ್ಣಾ ಭೀಮಾ ನದಿಗಳು ಒಂದುಗೂಡುವುದಕ್ಕೆ ಮೊದಲು ತಮ್ಮ ನಡುವೆ ಒಂದು ಎರೆಯ ಸೀಮೆಯನ್ನು ಹಿಡಿದುಕೊಂಡು ಹರಿಯುತ್ತವೆ. ಸುರಪುರವೂ ಶಹಾಪುರವೂ ಈ ನಡುನಾಡಿನಲ್ಲಿರುವುವು. ಯಾದಗಿರಿಯು ಭೀಮೆಯ ಆಚೆಯ ದಡದಲ್ಲಿ ತನ್ನ ಕೋಟೆಯ ಗುಡ್ಡಕ್ಕೆ ಒರಗಿ ಕುಳಿತಿದೆ. ಈ ಸೀಮೆಯ ಚರಿತ್ರೆಯೆಂದೊಡನೆ ಓದುಬಲ್ಲವರಿಗೆ ನೆನಪಾಗುವುದು ನಾಯಕ ಅರಸರ ಪರಾಕ್ರಮ. 1705ರಲ್ಲಿ ಔರಂಗಜೇಬನು ಮುಪ್ಪಿನಲ್ಲಿ ತಾನೇ ಮುಂದೆ ನಿಂತು ಮುತ್ತಿದ ವಾಗಣಗೇರಿ. 1858ರಲ್ಲಿ ಇಂಗ್ಲಿಷರ ಮೇಲೆ ಕತ್ತಿಯೆತ್ತಿದ ಎಳೆಯ ದೊರೆ ವೆಂಕಟಪ್ಪನಾಯಕ. ಇವೆಲ್ಲವೂ ಬರೆಯತಕ್ಕ ಸಂಗತಿಗಳೇ ಸರಿ, ಬರೆದೂ ಆಗಿದೆ. ಆದರೆ ಇದೇ ನೆಲಕ್ಕೆ ಇನ್ನೊಂದು ಚರಿತ್ರೆಯುಂಟು. ಅದಕ್ಕೆ ಬಖೈರು ಬರೆದವರಿಲ್ಲ, ಶಾಸನ ಕೆತ್ತಿಸಿದವರಿಲ್ಲ. ಸುಗ್ಗಿ ಮುಗಿದೊಡನೆ ಮನೆಗೆ ಬೀಗ ಹಾಕಿ, ರೊಟ್ಟಿಯ ಗಂಟನ್ನು ತಲೆಗೇರಿಸಿ, ಕೂಸನ್ನು ಬಗಲಿಗೇರಿಸಿ, ಕೂಲಿಯನ್ನು ಹುಡುಕಿಕೊಂಡು ಹೊರಡುವವರ ಚರಿತ್ರೆಯದು. ಜನರು ಅದನ್ನು ಗುಳೆ ಎನ್ನುವರು.

ಉದ್ಯೋಗಕ್ಕಾಗಿ ಪರಸ್ಥಳಕ್ಕೆ ಹೋಗುವುದಕ್ಕೂ ಗುಳೆಗೂ ಭೇದವಿದೆ. ಓದಿದ ಮನೆತನಗಳಲ್ಲಿ ಗಂಡಸು ಮೊದಲು ಹೋಗುವನು. ನೌಕರಿ ದೊರೆತು, ಬಾಡಿಗೆಯ ಮನೆ ಗೊತ್ತಾದ ಬಳಿಕ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವನು. ಅಲ್ಲಿಯವರೆಗೆ ತಾಯಿಮಕ್ಕಳು ತವರಿನಲ್ಲಿಯೋ ಅತ್ತೆಯ ಮನೆಯಲ್ಲಿಯೋ ಇರುವುದುಂಟು. ಗುಳೆಯಲ್ಲಿ ಈ ಕ್ರಮವಿಲ್ಲ. ಒಬ್ಬನ ಕೂಲಿಯಿಂದ ಹೊಟ್ಟೆಯೂ ತುಂಬಿ ಸಾಲವೂ ತೀರುವಂತಿದ್ದರೆ ಸಂಸಾರವೆಲ್ಲ ಊರು ಬಿಡುವ ಪ್ರಮೇಯವೇ ಇರಲಿಲ್ಲ. ಆದುದರಿಂದ ಗಂಡಹೆಂಡಿರಿಬ್ಬರೂ ದುಡಿಯಬೇಕು. ಇಬ್ಬರೂ ಹೊರಟ ಮೇಲೆ ಮೊಲೆಯುಣ್ಣುವ ಕೂಸು ಹಿಂದುಳಿಯುವಂತಿಲ್ಲ. ಮಹಾರಾಷ್ಟ್ರದ ಕಬ್ಬಿನ ಸೀಮೆಯಲ್ಲಿ ಗಂಡಹೆಂಡಿರ ಜೋಡಿಯನ್ನೇ ಒಂದು ‘ಕೊಯ್ತಾ’ ಎಂದು ಎಣಿಸುವರು. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಲೆಕ್ಕದ ಪುಸ್ತಕದಲ್ಲಿ ಇಬ್ಬರು ಸೇರಿ ಒಂದು ಕತ್ತಿಯಾಗುವರು. ಅವರ ಸಂಗಡ ಬಂದ ಕೂಸು ಯಾವ ಲೆಕ್ಕಕ್ಕೂ ಸೇರದು. ಹಾಗಿದ್ದರೂ ಎಷ್ಟು ದೂರ ಹೋಗಬೇಕು, ಯಾವ ಕೆಲಸವನ್ನು ಒಪ್ಪಬೇಕು, ಎಂದು ಹಿಂದಿರುಗಬೇಕು ಎಂಬುದನ್ನು ಬಹುಮಟ್ಟಿಗೆ ಗೊತ್ತುಮಾಡುವುದು ಆ ಕೂಸೇ. ತಾಯಿಯ ಕೈ ಕೆಲಸದಲ್ಲಿರುವಾಗ ಕೂಸನ್ನು ಹಿಡಿಯುವವರು ಯಾರು? ಈ ಪ್ರಶ್ನೆಯೊಂದನ್ನು ಕೈಯಲ್ಲಿ ಹಿಡಿದುಕೊಂಡು ನೋಡಿದರೆ ಅರಸರ ಚರಿತ್ರೆಯಲ್ಲಿ ಕಾಣದ ಹಲವು ಸಂಗತಿಗಳು ಕಾಣುವುವು.

ಹಳೆಯ ಕಾಲದಲ್ಲಿ ಊರು ಬಿಡಿಸುತ್ತಿದ್ದುದು ಕೂಲಿಯಲ್ಲ, ದಂಡು. ಮೈಸೂರಿನ ಇತಿಹಾಸವನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬರೆದ ಮಾರ್ಕ್ ವಿಲ್ಕ್ಸನು, ಶತ್ರುಸೈನ್ಯ ಸಮೀಪಿಸಿತೆಂದಾಗ ದಕ್ಷಿಣದ ಹಳ್ಳಿಗಳು ಬರಿದಾಗುತ್ತಿದ್ದ ಬಗೆಯನ್ನು ವರ್ಣಿಸಿದ್ದಾನೆ. ‘ವಲಸೆ’ ಎಂಬ ದೇಶೀ ಮಾತನ್ನೇ ಆತನು ತನ್ನ ಗ್ರಂಥದಲ್ಲಿ ಬಳಸಿದನು. ಹೊರಲಾಗದ ಸಾಮಾನನ್ನು ಜನರು ನೆಲದಲ್ಲಿ ಹೂಳುತ್ತಿದ್ದರು. ಆರು ವರ್ಷ ಮೀರಿದ ಪ್ರತಿಯೊಬ್ಬರೂ, ಗಂಡಸರು ಹೆಂಗಸರು ಮಕ್ಕಳೆನ್ನದೆ, ಶಕ್ತ್ಯನುಸಾರವಾಗಿ ಕಾಳಿನ ಹೊರೆ ಹೊರುತ್ತಿದ್ದರು. ಅದಕ್ಕಿಂತ ಚಿಕ್ಕವರನ್ನು ತಾಯಂದಿರು ಎತ್ತಿಕೊಳ್ಳುತ್ತಿದ್ದರು. ಆರು ವರ್ಷದೊಳಗಿನದು ಹೊರೆ. ಆರು ಮೀರಿದುದು ಹೊರೆ ಹೊರುವ ಕೈ. ಈ ಗೆರೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದು ಮತ್ತೆ ಬರಲಿದೆ.

ದಂಡಿಗೆ ಅಂಜಿ ಓಡಿದವರು ಒಕ್ಕಲಿಗರಾದರೆ, ದಂಡಿನ ಬೆನ್ನಿಗೆ ನಡೆದು ಹೊಟ್ಟೆ ಹೊರೆದವರು ಲಂಬಾಣಿಗಳು. ಹೇರೆತ್ತುಗಳ ಮೇಲೆ ಧಾನ್ಯ, ಉಪ್ಪುಗಳನ್ನು ಹೇರಿಕೊಂಡು ದೇಶದಿಂದ ದೇಶಕ್ಕೆ ನಡೆಯುವುದು ಇವರ ಕುಲಕಸುಬು. 1791–92ರಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣಕ್ಕೆ ದಂಡೆತ್ತಿ ಹೋದಾಗ ಅವನ ಸೈನ್ಯಕ್ಕೆ ಕಾಳು ತಂದುಕೊಟ್ಟವರು ಇವರು. ಮುಂದೆ 1803ರ ಮರಾಠಾ ಯುದ್ಧದಲ್ಲಿ ವೆಲ್ಲೆಸ್ಲಿಯ ದಂಡೂ ಇವರನ್ನೇ ನೆಚ್ಚಿಕೊಂಡಿತ್ತು. ತಾಂಡವೆಂದರೆ ಆಗ ಗುಡ್ಡದ ಮಗ್ಗುಲಿನ ಹಟ್ಟಿಯಲ್ಲ, ನಡೆಯುವ ಊರು. ಬಿಡಾರದಲ್ಲಿಯೇ ಹೆರಿಗೆ, ಹಾದಿಯಲ್ಲಿಯೇ ನಾಮಕರಣ. ನಡೆಯಲಾರದ ಮಗುವಿಗೆ ಎತ್ತಿನ ಬೆನ್ನೇ ತೊಟ್ಟಿಲು. ಈ ಬಾಳು ಸುಖದ್ದೆಂದು ಯಾರೂ ಹೇಳಲಾರರು. ಆದರೆ ಒಂದು ಮಾತನ್ನು ಒಪ್ಪಬೇಕು: ಎತ್ತಿನ ನಡಿಗೆಯೂ ತಾಯಿಯ ನಡಿಗೆಯೂ ಒಂದೇ ಆಗಿದ್ದುದರಿಂದ ಕೆಲಸಕ್ಕಾಗಿ ಕೂಸನ್ನು ದೂರವಿಡುವ ಅಗತ್ಯ ಈ ಕಸುಬಿನಲ್ಲಿ ಬೀಳುತ್ತಿರಲಿಲ್ಲ.

ಈ ಕಸುಬನ್ನು ಮುರಿದುದು ರೈಲು. ಮುಂಬಯಿಯಿಂದ ಬಂದ ಜಿ. ಐ. ಪಿ. ರೈಲುಹಾದಿಯು ಯಾದಗಿರಿಯ ಮೇಲಿಂದ ಹಾಯ್ದು 1871ರಲ್ಲಿ ರಾಯಚೂರನ್ನು ಮುಟ್ಟಿ, ಅಲ್ಲಿ ಮದರಾಸಿನ ಹಾದಿಯೊಡನೆ ಕೂಡಿತು. ಮೂರು ವರ್ಷಗಳಲ್ಲಿ ವಾಡಿಯಿಂದ ಸಿಕಂದರಾಬಾದಿಗೂ ಹಾದಿಯಾಯಿತು. ಹೇರೆತ್ತಿನ ಹಿಂಡು ವಾರಗಟ್ಟಲೆ ನಡೆದು ಮುಟ್ಟಿಸುತ್ತಿದ್ದ ಕಾಳು ಒಂದೆರಡು ದಿನಗಳಲ್ಲಿ ಹೋಗತೊಡಗಿದ ಮೇಲೆ ಎತ್ತುಗಳಿಗೆ ಬೆಲೆಯೆಲ್ಲಿ? ಅದೇ 1871ರಲ್ಲಿ ಇಂಗ್ಲಿಷ್ ಸರಕಾರವು ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ಮಾಡಿತು. ನೆಲೆಯಿಲ್ಲದೆ ತಿರುಗುವವರೆಲ್ಲ ಕಳ್ಳರೆಂಬ ಭಾವನೆ ಅಧಿಕಾರಿಗಳ ಮನಸ್ಸಿನಲ್ಲಿ ಬೇರೂರಿ, ಕೆಲವು ಪ್ರಾಂತಗಳಲ್ಲಿ ಲಂಬಾಣಿಗಳೂ ಅದರ ಬಲೆಗೆ ಬಿದ್ದರು. ಕಸುಬು ಕಳೆದುಕೊಂಡವನು ಹೊಸ ಕಸುಬನ್ನು ಹುಡುಕುವುದಕ್ಕೆ ತಿರುಗಬೇಕು, ತಿರುಗಿದರೆ ಅಪರಾಧಿ. ಆ ಕಾಯಿದೆ ರದ್ದಾದುದು 1952ರಲ್ಲಿ. ಇಷ್ಟರಲ್ಲಿ ಗುಡ್ಡಗಳ ಬುಡದಲ್ಲಿ, ಅಡವಿಯ ಅಂಚಿನಲ್ಲಿ, ಒಕ್ಕಲಿಗನು ಬಿಟ್ಟ ಕಲ್ಲುಭೂಮಿಯಲ್ಲಿ ತಾಂಡಗಳು ನೆಲೆಯೂರಿದವು. ಯಾದಗಿರಿ, ಶಹಾಪುರ, ಸುರಪುರಗಳ ತಾಂಡಗಳಿಂದ ಇಂದಿಗೂ ಜನರು ಮುಂಬಯಿ ಪುಣೆಗಳಿಗೆ ದುಡಿಯಲು ಹೋಗುವುದು ಅದೇ ಹಾದಿಯ ರೈಲಿನಲ್ಲಿ. ಅಜ್ಜಂದಿರ ಕಸುಬನ್ನು ನುಂಗಿದ ರೈಲೇ ಮೊಮ್ಮಕ್ಕಳನ್ನು ಕೂಲಿಗೆ ಮುಟ್ಟಿಸುವ ವಾಹನವಾಯಿತು.

ಬೇಡರ ಕಥೆಯೂ ಇದಕ್ಕೆ ದೂರವಲ್ಲ. ಸಂಸ್ಥಾನದ ಕಾಲದಲ್ಲಿ ಅವರಿಗೆ ದಂಡಿನ ಚಾಕರಿಯೇ ಬಾಳು. ದೊರೆ ಕೃಷ್ಣಪ್ಪನಾಯಕನು ತೀರಿಕೊಂಡು, ಮಗನು ಬಾಲಕನಾಗಿದ್ದು, ರಾಣಿ ಈಶ್ವರಮ್ಮನ ಆಳ್ವಿಕೆಯಲ್ಲಿ ಒಳಜಗಳಗಳು ಹೆಚ್ಚಿದಾಗ ಮೆಡೋಸ್ ಟೇಲರನು 1841ರಲ್ಲಿ ಸುರಪುರಕ್ಕೆ ಬಂದು, 1853ರ ವರೆಗೆ ಆಡಳಿತವನ್ನು ನೋಡಿಕೊಂಡನು. ಈ ಟೇಲರನೂ ಒಂದು ಕಾಲಕ್ಕೆ ಕೆಲಸವನ್ನು ಹುಡುಕಿಕೊಂಡು ಬಂದವನೇ. 1824ರಲ್ಲಿ ಹದಿನೈದರ ಹುಡುಗನು ಮುಂಬಯಿಯ ವರ್ತಕನೊಬ್ಬನಲ್ಲಿ ಗುಮಾಸ್ತಿಕೆಗೆಂದು ಹಡಗು ಹತ್ತಿ ಬಂದು, ಆ ವ್ಯಾಪಾರವು ಮುರಿದುಬೀಳುವ ಸ್ಥಿತಿಯಲ್ಲಿರುವುದನ್ನು ಕಂಡು, ಬಂಧುವೊಬ್ಬನ ನೆರವಿನಿಂದ ನಿಜಾಮನ ಸೈನ್ಯದಲ್ಲಿ ಚಾಕರಿ ಹಿಡಿದನು. ಬಂದ ಕೆಲಸ ಕೈತಪ್ಪಿದಾಗ ಅವನಿಗೆ ಬಂಧುವಿದ್ದನು, ಬಗಲಲ್ಲಿ ಕೂಸಿರಲಿಲ್ಲ. ಸುರಪುರದ ಬೋನಾಳದ ಕೆರೆಯು ಅವನ ಕಾಲದಲ್ಲಿ ಜೀರ್ಣೋದ್ಧಾರಗೊಂಡಿತು. ಕೆರೆಯ ಕೆಲಸವೆಂದರೆ ಊರ ಮಗ್ಗುಲಿನ ಕೂಲಿ; ಹಗಲು ಮಣ್ಣು ಹೊತ್ತವಳು ಸಂಜೆ ತನ್ನ ಒಲೆಯನ್ನೇ ಹೊತ್ತಿಸಬಹುದು. 1858ರಲ್ಲಿ ದಂಗೆ ಸೋತು, ದೊರೆಯು ಸೆರೆಯಾಳಾಗಿ ಚೆಂಗಲ್ಪಟ್ಟಿಗೆ ಹೋಗುವ ಹಾದಿಯಲ್ಲಿ ಗುಂಡೇಟಿನಿಂದ ಮಡಿದನು. 1860ರಲ್ಲಿ ಸೀಮೆಯು ನಿಜಾಮನ ಕೈಸೇರಿತು. ದೊರೆಯೇ ಇಲ್ಲವಾದ ಮೇಲೆ ದೊರೆಯ ದಂಡೆಲ್ಲಿ? ಕತ್ತಿ ಹಿಡಿದ ಮನೆಗಳು ಒಂದು ತಲೆಮಾರಿನಲ್ಲಿ ಕುಡುಗೋಲಿಗೆ ಕೈಹಾಕಿದವು. ಭೂಮಿ ಉಳಿಯದವರು ಕೂಲಿಗೆ ಇಳಿದರು.

ಆಮೇಲೆ 1876–78ರ ಬರ. ನೆರೆಯ ಕಲಾದಗಿ ಜಿಲ್ಲೆಯಲ್ಲಿ, ಅಂದರೆ ಇಂದಿನ ವಿಜಾಪುರ ಬಾಗಲಕೋಟೆಗಳ ಸೀಮೆಯಲ್ಲಿ, 1872ರ ಮತ್ತು 1881ರ ಜನಗಣತಿಗಳ ನಡುವೆ ಜನಸಂಖ್ಯೆಯ ಐದನೆಯ ಒಂದು ಭಾಗದಷ್ಟು ಕರಗಿತು. ಸತ್ತವರೆಷ್ಟು, ಗುಳೆ ಹೋಗಿ ಮರಳದವರೆಷ್ಟು ಎಂದು ಬಿಡಿಸಿ ಹೇಳುವಂತಿಲ್ಲ. ಇಂಗ್ಲಿಷ್ ಸೀಮೆಯ ಬರಗಾಲದ ಕಾಮಗಾರಿಗಳಲ್ಲಿ ಗಂಡಸಿಗೊಂದು, ಹೆಂಗಸಿಗೊಂದು, ಕೆಲಸ ಮಾಡುವ ಮಗುವಿಗೊಂದು ಕೂಲಿಯ ದರವಿದ್ದಿತು. ದುಡಿಯಲಾರದ ಚಿಕ್ಕ ಮಕ್ಕಳಿಗೂ ಕಾಮಗಾರಿಯ ಸ್ಥಳದಲ್ಲಿಯೇ ಅನ್ನ ಹಾಕಬೇಕೆಂಬುದು 1883ರ ಕ್ಷಾಮ ನಿಬಂಧನೆಗಳ ಕಾಲದಿಂದ ನಿಯಮವಾಗುತ್ತ ಬಂದಿತು. ತಾಯಿಯ ದುಡಿಮೆಯ ಲೆಕ್ಕದಲ್ಲಿ ಕೂಸೂ ಸೇರಬೇಕೆಂದು ಸರಕಾರಕ್ಕೆ ತೋರಿದುದು ಇಷ್ಟು ಹೆಣಗಳು ಬಿದ್ದ ಮೇಲೆ.

1948ರಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. 1956ರಲ್ಲಿ ಈ ಸೀಮೆಯು ಕನ್ನಡ ರಾಜ್ಯದೊಳಗೆ ಬಂದಿತು. 2009ರ ಕೊನೆಯಲ್ಲಿ ಯಾದಗಿರಿಯು ಕಲಬುರ್ಗಿಯಿಂದ ಬೇರ್ಪಟ್ಟು ಜಿಲ್ಲೆಯಾಯಿತು. ಇವುಗಳಿಗಿಂತ ಹೆಚ್ಚಾಗಿ ನೆಲದ ಮುಖವನ್ನು ಬದಲಿಸಿದುದು ಕೃಷ್ಣೆಯ ನೀರು. 1964ರಲ್ಲಿ ಅಡಿಗಲ್ಲಿಟ್ಟ ಕೃಷ್ಣಾ ಮೇಲ್ದಂಡೆ ಯೋಜನೆಯಿಂದ ನಾರಾಯಣಪುರದಲ್ಲಿ ಅಣೆಕಟ್ಟು ಎದ್ದು, ಎಡದಂಡೆಯ ಕಾಲುವೆಯು ಸುರಪುರ ಶಹಾಪುರಗಳ ಎರೆಯಲ್ಲಿ ಹರಿಯಿತು. ಜೋಳ ಬೆಳೆದಲ್ಲಿ ಬತ್ತ ಬೆಳೆಯಿತು. ತುಂಗಭದ್ರೆಯ ಬಯಲಿನಲ್ಲಾದಂತೆ ಇಲ್ಲಿಗೂ ಆಂಧ್ರದ ಒಕ್ಕಲಿಗರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು. ನಾಟಿಗೂ ಕಳೆಗೂ ಆಳು ಬೇಕಾಗಿ, ಕಾಲುವೆಯ ಊರುಗಳಲ್ಲಿ ಗುಳೆ ಕೆಲಮಟ್ಟಿಗೆ ತಗ್ಗಿತೆನ್ನಬಹುದು. ಆದರೆ ಕಾಲುವೆಯ ತುದಿಯ ಹೊಲಗಳಿಗೆ ನೀರು ಮುಟ್ಟುವುದು ದುರ್ಲಭ. ಭೀಮೆಯಾಚೆಯ ಯಾದಗಿರಿಯ ಕಡೆಗೆ ಅದು ಅಷ್ಟಾಗಿ ಸಲ್ಲಲೂ ಇಲ್ಲ. ಅಲ್ಲಿ ತೊಗರಿಯ ರಾಶಿ ಮುಗಿದರೆ ಮುಂಗಾರಿನವರೆಗೆ ಹೊಲದಲ್ಲಿ ಕೆಲಸವಿಲ್ಲ.

ಊರಿನಲ್ಲಿ ಕೂಸಿನ ಪ್ರಶ್ನೆಗೆ ಉತ್ತರವಿದ್ದಿತು. ಹೊಲದ ಬದುವಿನ ಬೇವಿನ ಮರಕ್ಕೆ ಹಳೆಯ ಸೀರೆಯ ಜೋಳಿಗೆ ಕಟ್ಟಿದರೆ ತೊಟ್ಟಿಲಾಯಿತು, ಸಾಲು ಮುಗಿದಾಗಲೊಮ್ಮೆ ತಾಯಿ ಬಂದು ಹಾಲೂಡಿಸುವಳು, ಮನೆಯಲ್ಲಿ ಅಜ್ಜಿಯಿರುವಳು. ಬೆಂಗಳೂರಿನ ಕಟ್ಟಡದ ಮಗ್ಗುಲಲ್ಲಿ ಮರವಿಲ್ಲ, ಅಜ್ಜಿಯು ಊರಿನಲ್ಲಿ ಉಳಿದಿದ್ದಾಳೆ. ಕೂಸನ್ನು ಹಿಡಿಯುವ ಕೈ ಅಕ್ಕನದು. ಎಂಟು ಹತ್ತು ವರ್ಷದ ಆ ಹುಡುಗಿ ತಮ್ಮನನ್ನು ಎತ್ತಿಕೊಂಡು ತಗಡಿನ ಗುಡಿಸಲಿನ ಮುಂದೆ ದಿನ ಕಳೆಯುವಾಗ ಊರ ಶಾಲೆಯಲ್ಲಿ ಪಾಠಗಳು ಸಾಗುತ್ತಿರುತ್ತವೆ. ವಿಲ್ಕ್ಸನ ಗೆರೆ ಇನ್ನೂ ಅಳಿದಿಲ್ಲ. ಆರು ಮೀರಿದ ಮಗು ಹೊರುವ ಹೊರೆ ಮಾತ್ರ ಕಾಳಿನಿಂದ ಕೂಸಿಗೆ ಬದಲಾಗಿದೆ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ 51.83, ರಾಜ್ಯದಲ್ಲಿಯೇ ಕಡೆಯದು. ಹೆಂಗಸರದು 41ರ ಆಸುಪಾಸು. ಇದಕ್ಕೆ ಗುಳೆಯೊಂದೇ ಕಾರಣವೆಂದರೆ ಅತಿಯಾದೀತು. ಆದರೆ ಅಕ್ಷರ ಕಲಿಯದ ಆ ಹೆಂಗಸರಲ್ಲಿ ತಮ್ಮತಂಗಿಯರನ್ನು ಸಾಕಿದವರೆಷ್ಟು ಮಂದಿ ಎಂದು ಕೇಳದೆ ಈ ಅಂಕಿಯನ್ನು ಓದುವುದು ಸರಿಯಲ್ಲ. ಗುಳೆ ಹೋದವರ ಮಕ್ಕಳಿಗೆಂದು ಊರಕಡೆ ಹಂಗಾಮಿ ವಸತಿಶಾಲೆಗಳನ್ನೂ ಬೆಂಗಳೂರಿನಲ್ಲಿ ಟೆಂಟು ಶಾಲೆಗಳನ್ನೂ ಸರಕಾರವು ತೆರೆದುದುಂಟು. ಅಕ್ಕನು ಶಾಲೆಗೆ ಹೋದರೆ ಕೂಸು ಯಾರ ಕೈಯಲ್ಲಿ ಎಂಬುದಕ್ಕೆ ಅಲ್ಲಿಯೂ ಉತ್ತರ ಸಿಕ್ಕಲಿಲ್ಲ.

ಕಾಯಿದೆಗಳು ಇಲ್ಲದಿರಲಿಲ್ಲ. 1979ರಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ ಬಂದಿತು. ಅದು ರಾಜ್ಯದ ಗಡಿ ದಾಟಿದವರಿಗೆ ಮಾತ್ರ ಅನ್ವಯಿಸುತ್ತಿದ್ದಿತು. ಗುರುಮಿಠಕಲ್ಲಿನಿಂದ ಹತ್ತಿರದ ಗಡಿ ದಾಟಿ ಹೈದರಾಬಾದಿಗೆ ಹೋದವನು ವಲಸಿಗ. ಅದರ ಮೂರು ಪಾಲಿನಷ್ಟು ದೂರದ ಬೆಂಗಳೂರಿಗೆ ಹೋದವನು ಆ ಕಾಯಿದೆಯ ಕಣ್ಣಿಗೆ ಮನೆಯಲ್ಲಿಯೇ ಇದ್ದವನು! 1996ರ ಕಟ್ಟಡ ಕಾರ್ಮಿಕರ ಕಾಯಿದೆಯು ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಸ್ಥಳದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆಯಿರಬೇಕೆಂದು ವಿಧಿಸಿತು. ನಾಲ್ಕಾರು ಸಂಸಾರಗಳು ಸೇರಿ ಕಟ್ಟುವ ಮೂರಂತಸ್ತಿನ ಮನೆಯಲ್ಲಿ ಐವತ್ತು ಹೆಂಗಸರು ಎಲ್ಲಿ ಬರಬೇಕು? ಇವುಗಳಿಗಿಂತ ನೆಲಕ್ಕೆ ಹತ್ತಿರವಿದ್ದುದು 2005ರ ಉದ್ಯೋಗ ಖಾತ್ರಿ ಕಾಯಿದೆ. 2006ರ ಫೆಬ್ರುವರಿಯಲ್ಲಿ ಮೊದಲ ಸರತಿಯಲ್ಲಿಯೇ ಅದು ಅಂದಿನ ಅಖಂಡ ಗುಲಬರ್ಗಾ ಜಿಲ್ಲೆಗೆ ಬಂದಿತು. ಕೆಲಸದ ಸ್ಥಳದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳು ನೆರೆದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಿ ಅವಳಿಗೂ ಕೂಲಿ ಕೊಡಬೇಕೆಂಬ ಮಾತು ಅದರಲ್ಲಿದ್ದಿತು. ಕೂಸನ್ನು ಹಿಡಿಯುವುದೂ ದುಡಿಮೆಯೆಂದು ಬರಹದಲ್ಲಿ ಒಪ್ಪಿದ ಮಾತಿದು. ಆದರೆ ವರ್ಷಕ್ಕೆ ನೂರು ದಿನದ ಭರವಸೆಯನ್ನೂ ತಡವಾಗಿ ಬರುವ ಕೂಲಿಯನ್ನೂ ನೆಚ್ಚಿ ಸಾಲಗಾರನನ್ನು ಎದುರಿಸುವುದು ಬಡವನಿಂದ ಆಗುತ್ತಿರಲಿಲ್ಲ. ಪಟ್ಟಣದ ಮೇಸ್ತ್ರಿಯು ಮುಂಗಡ ಹಣವನ್ನು ಕೈಗೇ ಕೊಡುವನು.

2020ರ ಮಾರ್ಚಿನಲ್ಲಿ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿದಾಗ ಗುಳೆಯು ಹಿಮ್ಮುಖವಾಗಿ ಹರಿಯಿತು. ಮೇ ತಿಂಗಳಲ್ಲಿ ಮುಂಬಯಿ, ಪುಣೆ, ಬೆಂಗಳೂರುಗಳಿಂದ ಬಂದವರು ಶಾಲೆಗಳಲ್ಲಿಯೂ ವಸತಿನಿಲಯಗಳಲ್ಲಿಯೂ ಮಕ್ಕಳೊಡನೆ ದಿನಗಳನ್ನು ಎಣಿಸಿದರು. ಈ ಜನರು ಇಷ್ಟೊಂದು ಮಂದಿ ಹೊರಗಿದ್ದರೆಂಬುದು ಓದಿದ ಮನೆಗಳಿಗೆ ತಿಳಿದುದು ಆಗಲೇ. ವರ್ಷ ತಿರುಗುವುದರೊಳಗೆ ಹೆಚ್ಚಿನವರು ಮತ್ತೆ ಹೊರಟರು.

2023ರಿಂದೀಚೆಗೆ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನ ಕೇಂದ್ರಗಳು ತೆರೆದಿವೆ. ಹೆಸರೇ ಕಿವಿಗೆ ಹಿತವಾಗಿದೆ. ಆದರೆ ಕೂಸಿನ ಮನೆ ಊರಿನಲ್ಲಿದೆ, ಕೂಸು ಬೆಂಗಳೂರಿನ ಮರಳ ಗುಡ್ಡೆಯ ಮೇಲಿದೆ. ದೀಪಾವಳಿ ಕಳೆದ ಮೇಲೆ ಯಾದಗಿರಿಯ ರೈಲು ನಿಲ್ದಾಣದಲ್ಲಿ ಒಂದು ದಿಕ್ಕಿಗೆ ಮುಂಬಯಿಯ ಗಾಡಿ, ಇನ್ನೊಂದು ದಿಕ್ಕಿಗೆ ಬೆಂಗಳೂರಿನ ಗಾಡಿ. ಗಂಟುಗಳೊಡನೆ ಸಂಸಾರಗಳು ಕಾದು ಕುಳಿತಿರುತ್ತವೆ. ಐದು ವರ್ಷ ತುಂಬದ ಮಕ್ಕಳಿಗೆ ರೈಲಿನಲ್ಲಿ ಟಿಕೇಟು ಬೇಕಿಲ್ಲ. ಆ ಗಾಡಿಗಳಲ್ಲಿ ಎಷ್ಟು ಕೂಸುಗಳು ಹೋದವೆಂಬ ಲೆಕ್ಕ ಎಲ್ಲಿಯೂ ಉಳಿಯುವುದಿಲ್ಲ.