ಅಪ್ಪಿಕೋ ಎಂಬ ಕ್ರಿಯಾಪದ

ಕನ್ನಡ ಪತ್ರಿಕೆಗಳಲ್ಲಿ ‘ಅಪ್ಪು’ ಎಂಬ ಕ್ರಿಯಾಪದಕ್ಕೆ ಹೆಚ್ಚು ದುಡಿಮೆ ಸಿಗುವುದು ಅಪಘಾತದ ಸುದ್ದಿಯಲ್ಲಿ. ಬೈಕ್ ಸವಾರ ಸ್ಥಳದಲ್ಲೇ ಸಾವನ್ನಪ್ಪಿದ, ಗಾಯಾಳು ಚಿಕಿತ್ಸೆ ಫಲಿಸದೆ ಸಾವನ್ನಪ್ಪಿದರು. ಯಾರೂ ಕೈ ಚಾಚಿ ಕರೆಯದ ಸಾವನ್ನು ವರದಿಗಾರರು ದಿನವೂ ಯಾರದೋ ತೋಳಿಗೆ ಹಾಕುತ್ತಾರೆ. ‘ಸತ್ತ’ ಎನ್ನಲು ಹಿಂಜರಿದಾಗ ಮರ್ಯಾದೆಗೆ ಸಿಕ್ಕ ಪದ ಅದು. ಚುನಾವಣೆ ಬಂದರೆ ಅದೇ ಪದ ಪುಟ ಬದಲಿಸುತ್ತದೆ: ನಿನ್ನೆ ಬೈದಾಡಿಕೊಂಡವರು ಇಂದು ವೇದಿಕೆಯ ಮೇಲೆ ಅಪ್ಪಿಕೊಂಡಿರುತ್ತಾರೆ. ಇಂಥ ಸವಕಲು ಕೆಲಸದಲ್ಲಿ ಬಳಲಿದ್ದ ಕ್ರಿಯಾಪದಕ್ಕೆ ಮೈಕೈ ನೋಯುವ ನಿಜವಾದ ಕೆಲಸ ಸಿಕ್ಕಿದ್ದು ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರದ ಸೀಮೆಯಲ್ಲಿ.

ತೋಳು ಬಳಸುವ ಕ್ರಿಯೆಗೆ ಕನ್ನಡದಲ್ಲಿ ಪದಗಳ ಬರವಿಲ್ಲ. ಹೆದರಿದ ಮಗು ತಾಯಿಯನ್ನು ತಬ್ಬಿಕೊಳ್ಳುತ್ತದೆ, ತಾಯಿ ಅದನ್ನು ಅವುಚಿಕೊಳ್ಳುತ್ತಾಳೆ. ‘ಆಲಿಂಗನ’ಕ್ಕೆ ಯಕ್ಷಗಾನದ ಅರ್ಥಗಾರಿಕೆಯೇ ಬೇಕು, ಅಡುಗೆಮನೆಯಲ್ಲಿ ಯಾರೂ ಯಾರನ್ನೂ ಆಲಿಂಗಿಸುವುದಿಲ್ಲ. ‘ತೆಕ್ಕೆ’ ಅಳತೆಯೂ ಹೌದು; ಇಬ್ಬರ ತೆಕ್ಕೆಗೂ ನಿಲುಕದ ಮರ ಎಂದರೆ ಸುತ್ತಳತೆಗೆ ಟೇಪು ಬೇಕಿಲ್ಲ. ಶಿರಸಿ ಕಡೆಯ ಹವ್ಯಕರ ಮನೆಗಳಲ್ಲಿ ಹುಡುಗನನ್ನು ‘ಅಪ್ಪಿ’ ಎಂದು ಮುದ್ದಿನಿಂದ ಕರೆಯುತ್ತಾರೆ. ಕಾಸರಗೋಡಿನ ಹವ್ಯಕರಿಗಾದರೋ ‘ಅಪ್ಪು’ ಎಂದರೆ ‘ಹೌದು’. ಹಳಗನ್ನಡದ ‘ಅಪ್ಪುದು’ ಅಲ್ಲಿ ಇನ್ನೂ ಉಸಿರಾಡುತ್ತಿದೆ. ಇವೆಲ್ಲ ಒಂದೇ ಬೇರಿನವಲ್ಲ, ಕಿವಿಗಷ್ಟೇ ನೆಂಟರು.

‘ಅಪ್ಪು’ವಿಗೆ ‘ಕೊಳ್ಳು’ ಸೇರಿದಾಗ ಸಂಗತಿ ಬೇರೆಯಾಗುತ್ತದೆ. ತೊಳೆ–ತೊಳೆದುಕೊ, ಕಟ್ಟು–ಕಟ್ಟಿಕೊ ಎಂಬಂತೆ ಕ್ರಿಯೆ ಮಾಡಿದವನ ಕಡೆಗೇ ತಿರುಗಿ ಬರುತ್ತದೆ. ಮರವನ್ನು ಅಪ್ಪಿಕೊಂಡವನು ಮರಕ್ಕೇನೋ ಮಾಡಿದವನಷ್ಟೇ ಅಲ್ಲ, ತನಗೂ ಏನೋ ಮಾಡಿಕೊಂಡವನು. ಪ್ರಾಚೀನ ಗ್ರೀಕಿನಲ್ಲಿ ಇಂಥ ಕೆಲಸಕ್ಕೆ ಕ್ರಿಯಾಪದದ ಒಂದು ಪ್ರತ್ಯೇಕ ರೂಪವೇ ಇತ್ತು. ಬೈಬಲಿನ ಹೊಸ ಒಡಂಬಡಿಕೆಯ ‘ಅಸ್ಪಾಜೊಮಾಯ್’ ಆ ರೂಪದ್ದು. ವಂದಿಸು, ಬರಮಾಡಿಕೊ, ಬೀಳ್ಕೊಳ್ಳು, ಅಪ್ಪಿಕೊ ಎಲ್ಲವೂ ಅದರ ಅರ್ಥಗಳೇ. ರೋಮಾಪುರದವರಿಗೆ ಪೌಲ ಬರೆದ ಪತ್ರಿಕೆಯ 16ನೇ ಅಧ್ಯಾಯದಲ್ಲಿ ಅದು ಆಜ್ಞಾರೂಪದಲ್ಲಿ 16 ಸಲ ಬರುತ್ತದೆ: ಇವಳಿಗೆ ವಂದನೆ ಹೇಳಿ, ಅವನಿಗೆ ವಂದನೆ ಹೇಳಿ ಎಂದು ಹೆಸರು ಹಿಡಿದು ಹೇಳುವ ವಂದನೆಗಳು. ಮಾರ್ಕನ ಸುವಾರ್ತೆಯಲ್ಲಿ ಯೇಸುವಿಗೆ ಮುಳ್ಳಿನ ಕಿರೀಟ ತೊಡಿಸಿದ ಸಿಪಾಯಿಗಳು ‘ಅರಸನೇ’ ಎಂದು ಗೇಲಿ ಮಾಡುತ್ತ ನಮಸ್ಕರಿಸುವುದಕ್ಕೂ ಅದೇ ಕ್ರಿಯಾಪದ. ವಂದನೆಯೊಳಗೆ ಹಿಂಸೆ ಅಡಗಿರಬಹುದು ಎಂಬುದನ್ನು ನಮಗೆ ಯಾರೂ ಹೊಸದಾಗಿ ಹೇಳಬೇಕಿಲ್ಲ. ಧೃತರಾಷ್ಟ್ರನ ಆಲಿಂಗನದಲ್ಲಿ ಉಕ್ಕಿನ ಭೀಮ ಪುಡಿಯಾದ ಕಥೆ ತಾಳಮದ್ದಳೆ ಕೇಳಿದ ಪ್ರತಿಯೊಬ್ಬರಿಗೂ ಗೊತ್ತು.

ಹಿಮಾಲಯದ ಗಢವಾಲದಲ್ಲಿ 1973ರಲ್ಲಿ ಮೊದಲಾದ, ಮರಗಳನ್ನು ತಬ್ಬಿ ಕಡಿತ ತಡೆಯುವ ಚಿಪ್ಕೋ ಚಳವಳಿಯ ಸುಂದರಲಾಲ ಬಹುಗುಣರ ಜೊತೆ ಪಳಗಿದವರು, ಅಪ್ಪಿಕೋ ಚಳವಳಿಯನ್ನು ಮುನ್ನಡೆಸಿದ ಶಿರಸಿಯ ಪಾಂಡುರಂಗ ಹೆಗಡೆ. ‘ಚಿಪ್ಕೋ’ ಎಂದರೆ ಅಂಟಿಕೋ. ಅಕ್ಷರಶಃ ಕನ್ನಡಿಸಿದ್ದರೆ ‘ಅಂಟಿಕೋ ಚಳವಳಿ’ ಎಂದಾಗಿ, ಮಲೆನಾಡಿನವರಿಗೆ ಹಲಸಿನ ಮೇಣ ನೆನಪಾಗುತ್ತಿತ್ತು. ಅಂಟುವುದಕ್ಕೆ ಮನಸ್ಸು ಬೇಕಿಲ್ಲ, ಅಪ್ಪುವುದಕ್ಕೆ ಬೇಕು. ಹಿಂದಿಯ ‘ಕೋ’ ಧಾತುವಿನ ತುದಿಗೆ ಆಜ್ಞೆಯ ‘ಓ’ ಸೇರಿದ್ದು, ಕನ್ನಡದ ‘ಕೋ’ ಕೊಳ್ಳುವಿನ ಮೊಟಕು. ವ್ಯಾಕರಣ ಬೇರೆಯಾದರೂ ಪ್ರಾಸ ಕೂಡಿ ಬಂತು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಗಂಡಸರು, ಹೆಂಗಸರು, ಮಕ್ಕಳು ಮಳೆಗಾಲದ ಕಾಡಿಗೆ ನಡೆದುಹೋಗಿ, ಕಡಿಯಲು ಗುರುತು ಹಾಕಿದ್ದ ಮರಗಳನ್ನು ಅಪ್ಪಿಕೊಂಡರು. ಕಾಡಿನೊಳಗಿನ ಆ ಪ್ರತಿಭಟನೆ 38 ದಿನ ನಡೆಯಿತು. ಆಮೇಲೆ ಸಿದ್ದಾಪುರ ತಾಲ್ಲೂಕಿನ ನಿಡಗೋಡಕ್ಕೂ ಬೇರೆ ಊರುಗಳಿಗೂ ಹಬ್ಬಿತು.

ಅರಣ್ಯ ಇಲಾಖೆಯ ಲೆಕ್ಕದಲ್ಲಿ ಅಲ್ಲಿ ನಡೆಯುತ್ತಿದ್ದುದು ‘ಆಯ್ದ ಮರಗಳ ಕಡಿತ’. ಕೇಳಲು ಸೌಮ್ಯ. ಆದರೆ ಬಳ್ಳಿಗಳಿಂದ ಹೆಣೆದುಕೊಂಡ ನಿತ್ಯಹರಿದ್ವರ್ಣ ಕಾಡಿನಲ್ಲಿ ಆಯ್ದ ಒಂದು ಹೆಮ್ಮರ ಉರುಳುವಾಗ ಆಯದ ಹತ್ತಾರನ್ನು ಎಳೆದುಕೊಂಡೇ ಬೀಳುತ್ತದೆ. ಇನ್ನು ಕೆಲವೆಡೆ ಸಹಜ ಕಾಡನ್ನು ಬೋಳಿಸಿ ಸಾಗುವಾನಿ ನೆಟ್ಟರು. ಕಾಗದದಲ್ಲಿ ಅದೂ ಅರಣ್ಯ ಅಭಿವೃದ್ಧಿಯೇ. ಧೃತರಾಷ್ಟ್ರನೂ ಹಾಗೆಯೇ ‘ಬಾ ಮಗನೇ’ ಎಂದಿದ್ದ.

ಹೊರಗಿನವರ ಕಣ್ಣಿಗೆ ಈ ಚಳವಳಿ ಮರದ ಮೇಲಿನ ಮಮಕಾರದಂತೆ ಕಂಡಿತು. ಅದು ಅರ್ಧ ಸತ್ಯ. ಚಳವಳಿಯ ಘೋಷವಾಕ್ಯದಲ್ಲಿ ಇದ್ದದ್ದು ಬರೀ ಮೂರು ಕ್ರಿಯಾಪದ: ಉಳಿಸು, ಬೆಳೆಸು, ಬಳಸು. ಮೂರನೆಯದು ಸೂಕ್ಷ್ಮವಾದದ್ದು. ‘ಬಳಸು’ ಎಂದರೆ ಉಪಯೋಗಿಸು. ಸುತ್ತುವರಿ ಎಂದೂ ಹೌದು. ಬೆಟ್ಟವನ್ನು ಬಳಸಿ ಹೋಗುವ ದಾರಿ, ಸುತ್ತಿ ಬಳಸಿ ಆಡುವ ಮಾತು, ತೋಳಿನಿಂದ ಸೊಂಟ ಬಳಸುವುದು. ಉಪಯೋಗಕ್ಕೂ ಅಪ್ಪುಗೆಗೂ ಕನ್ನಡ ಒಂದೇ ಪದ ಕೊಟ್ಟಿದೆ.

ಇಲ್ಲಿನ ಬೇಸಾಯ ನಿಂತಿರುವುದೂ ಆ ಜೋಡಿ ಅರ್ಥದ ಮೇಲೆ. ಅಡಿಕೆ ತೋಟ ಕಣಿವೆಯಲ್ಲಿ, ಅದಕ್ಕೆ ಗೊಬ್ಬರದ ಸೊಪ್ಪು ಮೇಲಿನ ಬೆಟ್ಟದಲ್ಲಿ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯ ಬ್ರಿಟಿಷರ ಕಾಲದಿಂದ ಬಂದದ್ದು. ಮತ್ತಿ, ಹೊನ್ನೆ, ಕಿಂದಳದ ಸೊಪ್ಪು ಕಡಿದು ಕೊಟ್ಟಿಗೆಗೆ ಹಾಸಿ, ಉದುರಿದ ಒಣ ಎಲೆಯ ದರಕು ಗುಡಿಸಿ ತಂದು, ಗೊಬ್ಬರವಾದ ಮೇಲೆ ತೋಟಕ್ಕೆ ಇಳಿಸುತ್ತಾರೆ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ದಿನವಿಡೀ ಅಡಿಕೆ ಮರಗಳನ್ನು ತಬ್ಬಿಯೇ ಏರುತ್ತಾನೆ. ಅದು ಪ್ರತಿಭಟನೆಯಲ್ಲ, ಅನ್ನ. ಅತಿಯಾಗಿ ಸೊಪ್ಪು ಸವರಿ ಬೋಳಾದ ಬೆಟ್ಟಗಳೂ ಇದೇ ಸೀಮೆಯಲ್ಲಿವೆ. ಬಳಸುವ ಕೈ ಬಿಗಿಯಾದರೆ ಅಪ್ಪುಗೆಯೇ ಹಿಡಿತವಾಗುತ್ತದೆ ಎಂಬುದಕ್ಕೆ ಅವೇ ಸಾಕ್ಷಿ. ಆದ್ದರಿಂದಲೇ ಘೋಷದಲ್ಲಿ ‘ಬಳಸು’ ಬರುವುದು ಉಳಿಸಿ, ಬೆಳೆಸಿದ ಮೇಲೆ.

ಅಪ್ಪಿಕೋ ಎಂಬ ಕ್ರಿಯಾಪದಕ್ಕೆ ಒಂದು ಮಿತಿಯೂ ಇದೆ. ಇಬ್ರಿಯರಿಗೆ ಬರೆದ ಪತ್ರಿಕೆಯ 11ನೇ ಅಧ್ಯಾಯದಲ್ಲಿ, ದೇವರು ಮಾತುಕೊಟ್ಟದ್ದು ಕೈಗೆ ಸಿಗದೆ ತೀರಿಕೊಂಡ ಹಿರಿಯರು ಅದನ್ನು ದೂರದಿಂದಲೇ ಕಂಡು ‘ಅಸ್ಪಾಜೊಮಾಯ್’ ಮಾಡಿದರು ಎಂದಿದೆ. 1611ರ ಇಂಗ್ಲಿಷ್ ಅನುವಾದಕರು ಅದನ್ನು ‘ಅಪ್ಪಿಕೊಂಡರು’ ಎಂದೇ ಬರೆದರು. ಗ್ರೀಕಿಗೆ ದೂರದಿಂದ ಅಪ್ಪುವುದು ಸಾಧ್ಯ, ಏಕೆಂದರೆ ಅದರೊಳಗೆ ವಂದನೆಯೂ ಇದೆ. ಕನ್ನಡದ ಅಪ್ಪುಗೆಗೆ ತೋಳಿನಷ್ಟೇ ದೂರ. ಯಲ್ಲಾಪುರದ ಬೇಡ್ತಿ ಕಣಿವೆಯಲ್ಲಿ ಆ ಮಿತಿ ಗೊತ್ತಾಗುತ್ತದೆ. 1980ರ ಆಸುಪಾಸಿನಲ್ಲಿ ಅಲ್ಲಿನ ಜಲವಿದ್ಯುತ್ ಯೋಜನೆಯನ್ನು ತೋಟಿಗರು ಎದುರಿಸಿದ್ದು ವಿಜ್ಞಾನಿಗಳನ್ನು ಕೂರಿಸಿ, ಲಾಭನಷ್ಟದ ಲೆಕ್ಕ ಕೇಳಿ. ಈಗ ಬೇಡ್ತಿ–ವರದಾ ಜೋಡಣೆಯ ಮಾತು ಬಂದಿದೆ. ನದಿ ತೆಕ್ಕೆಗೆ ನಿಲ್ಲುವುದಿಲ್ಲ. ಅಲ್ಲಿಗೆ ಬೇಕಾದ ಕ್ರಿಯಾಪದಗಳು ಕೇಳು, ಅಳೆ, ಲೆಕ್ಕ ಹಾಕು.

‘ಅಪ್ಪಿಕೋ’ ಈಗ ಪಠ್ಯಪುಸ್ತಕ ಸೇರಿದೆ, ಪರೀಕ್ಷೆಯಲ್ಲಿ ಅಂಕ ತರುತ್ತದೆ. ಕ್ರಿಯಾಪದವೊಂದು ಅಂಕಿತನಾಮವಾಗಿ ಬಡ್ತಿ ಪಡೆದಂತೆ ಕಾಣಬಹುದು. ಭಾಷೆಯ ಲೆಕ್ಕದಲ್ಲಿ ಅದು ನಿವೃತ್ತಿ. ನಾಮಪದವಾದ ಅಪ್ಪಿಕೋ ಎಲ್ಲಿ, ಯಾವಾಗ ಎಂಬುದಕ್ಕೆ ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಕ್ರಿಯಾಪದವಾದ ಅಪ್ಪಿಕೋ ಏಕವಚನದ ಆಜ್ಞೆ; ‘ನೀನು’ ಎಂಬ ಕರ್ತೃ ಅದರೊಳಗೇ ಇದ್ದಾನೆ, ಏನನ್ನು ಎಂಬ ಕರ್ಮವನ್ನು ಮಾತ್ರ ಪ್ರತಿ ಸಲವೂ ಹೊಸದಾಗಿ ತುಂಬಬೇಕು.